ದೆವ್ವ ಯಾವ ಪಕ್ಷ

ಪುರಸಭೆಯ ಜನನ-ಮರಣ ವಿಭಾಗಕ್ಕೆ ಇದ್ದದ್ದು ಒಂದೇ ಕಿಟಕಿ, ಒಂದೇ ಕುರ್ಚಿ, ಒಬ್ಬನೇ ಗುಮಾಸ್ತ. ಊರಿನಲ್ಲಿ ಯಾರೇ ಹುಟ್ಟಲಿ, ಯಾರೇ ಸಾಯಲಿ, ಅವನು ಕನ್ನಡಕ ಏರಿಸಿಕೊಂಡು ಸಹಿ ಹಾಕುವ ತನಕ ಸರ್ಕಾರದ ಪಾಲಿಗೆ ಅದು ಬರೀ ಗಾಳಿಮಾತು. ಹೀಗಾಗಿ ತಂದೆತಾಯಿ ಇಟ್ಟ ಹೆಸರು ಮೂಲೆಗೆ ಬಿದ್ದು, ಹಾಲು ಹಾಕುವವನಿಂದ ಹಿಡಿದು ಹೆಂಡತಿಯ ತವರಿನವರ ತನಕ ಎಲ್ಲರ ಬಾಯಲ್ಲೂ ಅವನು ಜನನಮರಣಯ್ಯನಾಗಿದ್ದ.

ಆ ಕಿಟಕಿಗೊಂದು ಪದ್ಧತಿಯಿತ್ತು. ಬೆಳಿಗ್ಗೆ ಮರಣ, ಊಟವಾದ ಮೇಲೆ ಜನನ. ಸತ್ತವರ ಕಡೆಯವರಿಗೆ ಅವಸರವಿರುತ್ತದೆ, ಮಗು ಹುಟ್ಟಿದವರು ಹೇಗೂ ನಿದ್ದೆಗೆಟ್ಟಿರುತ್ತಾರೆ, ಎದ್ದಾಗ ಬರಲಿ ಎಂದು ಹಿಂದಿನ ಯಾರೋ ಅಧಿಕಾರಿ ಮಾಡಿದ ಏರ್ಪಾಡು. ಅಲ್ಲೇ ಕೂತು ತಲೆ ನರೆಸಿಕೊಂಡ ಜನನಮರಣಯ್ಯನ ಮನಸ್ಸಿನಲ್ಲಿ ಜನ ಮೊದಲು ಸಾಯುತ್ತಾರೆ, ಆಮೇಲೆ ಹುಟ್ಟುತ್ತಾರೆ ಎಂಬ ಕ್ರಮವೇ ಗಟ್ಟಿಯಾಗಿ ಕೂತಿತ್ತು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ದೆವ್ವದ ಪಿಕ್ಚರ್ ಊರಿಗೆ ಬರುವ ತನಕ.

ಅವನಿಗಿದ್ದ ಒಂದೇ ಒಂದು ಜಂಬ ಸಿನಿಮಾ ಜ್ಞಾನದ್ದು. ಹೆಂಡತಿಯ ಅಣ್ಣ ಊರಿನ ಹಳೇ ಟಾಕೀಸಿನ ಮಾಲೀಕ. ಟಿಕೆಟ್ಟಿಲ್ಲದೆ ಒಳಗೆ ಹೋಗುವ ಹಕ್ಕು ಮದುವೆಯ ಜೊತೆಗೇ ಬಂದಿತ್ತು. ಆದರೆ ಇಷ್ಟು ವರ್ಷದಲ್ಲಿ ಅವನು ಯಾವ ಸಿನಿಮಾದ ಕೊನೆಯನ್ನೂ ಕಂಡವನಲ್ಲ. ಟಾಕೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ಸೈಕಲ್ಲಿನ ಹ್ಯಾಂಡಲ್ಲು ಇನ್ನೊಂದರ ಪೆಡಲ್ಲಿಗೆ ಸಿಕ್ಕಿಕೊಂಡಿರುತ್ತದೆ, ಗುಂಪಿನ ಜೊತೆ ಹೊರಬಿದ್ದರೆ ಸೈಕಲ್ ಬಿಡಿಸಿಕೊಳ್ಳುವಷ್ಟರಲ್ಲಿ ಊಟ ತಣ್ಣಗಾಗುತ್ತದೆ. ಅದಕ್ಕೇ ದೀಪ ಹತ್ತುವ ಸ್ವಲ್ಪ ಮುಂಚೆ ಎದ್ದು ಬಂದುಬಿಡುತ್ತಿದ್ದ. ಮನೆಯಲ್ಲಿ ಮಾತ್ರ ಇದಕ್ಕೆ ಬೇರೆಯೇ ಕಾರಣ. ಕಥೆಯ ಮರ್ಮ ಹಿಡಿದವನು ಕೊನೆಯವರೆಗೆ ಕಾಯುವುದಿಲ್ಲ, ಕಾಯುವವರು ಸಾಮಾನ್ಯ ಪ್ರೇಕ್ಷಕರು ಎನ್ನುತ್ತಿದ್ದ. ಕಚೇರಿಯಲ್ಲೂ ಹೇಳಿಕೊಂಡಿದ್ದ. ಅಲ್ಲೇ ಎಡವಟ್ಟಾದದ್ದು.

ಪಿಕ್ಚರಿನ ಹೆಸರು ಏನೋ ಇತ್ತು, ಯಾರಿಗೂ ನೆನಪಿಲ್ಲ. ಅದು ಬಂದ ವಾರದಲ್ಲೇ ಊರು ಎರಡು ಪಾಲಾಯಿತು. ಹಳೇ ಪಕ್ಷದ ಮುಖಂಡನಿಗೆ ಮೀಸೆ ಎಂದೇ ಹೆಸರು, ಮುಖಕ್ಕಿಂತ ಅದೇ ಮೊದಲು ಕಾಣುತ್ತಿತ್ತು. ಪಿಕ್ಚರಿನಲ್ಲಿರುವ ಕೆಟ್ಟ ಪುರಸಭಾಧ್ಯಕ್ಷನಿಗೂ ಅಂಥದ್ದೇ ಮೀಸೆ ಇದೆಯಂತೆ, ಇದು ನನ್ನ ಮೇಲಿನ ಕುತಂತ್ರ ಎಂದು ಮೀಸೆ ಕೆರಳಿದ. ಹೊಸ ಪಕ್ಷದ ಮುಖಂಡೆಯನ್ನು ಜನ ಅಕ್ಕಾವರು ಎನ್ನುತ್ತಿದ್ದರು. ಆಕೆ ಯಾವಾಗಲೂ ಬಿಳಿ ಬಟ್ಟೆಯವರು. ದೆವ್ವವೂ ಬಿಳಿ ಬಟ್ಟೆಯದೇ, ಆದ್ದರಿಂದ ಇದು ನನ್ನ ಅಣಕ ಎಂದು ಆಕೆಯ ವಾದ. ಇವರಿಬ್ಬರ ನಡುವೆ ಜನನಮರಣಯ್ಯನ ಮನೆಯ ಮಹಡಿಯಲ್ಲಿದ್ದ ನಿವೃತ್ತ ಹೆಡ್ಮೇಷ್ಟ್ರು ಬೇರೆ. ಅವರದೊಂದು ಸಂಸ್ಕೃತಿ ರಕ್ಷಣಾ ವೇದಿಕೆ. ಅದರ ಅಧ್ಯಕ್ಷರೂ ಅವರೇ, ಕಾರ್ಯದರ್ಶಿಯೂ ಅವರೇ, ಸಭೆ ಸೇರಿದಾಗ ಸಭಿಕರೂ ಅವರೇ. ಆ ದೆವ್ವ ತನಗಿಂತ ಹಿರಿಯನಾದ ಅಧ್ಯಕ್ಷನನ್ನು ನೀನು, ತಾನು ಎಂದು ಏಕವಚನದಲ್ಲಿ ಮಾತಾಡಿಸುತ್ತದಂತೆ, ಸತ್ತ ಮಾತ್ರಕ್ಕೆ ಮರ್ಯಾದೆ ಬಿಡಬೇಕೆಂದು ಯಾವ ಸಂಸ್ಕೃತಿಯಲ್ಲಿದೆ ಎಂದು ಅವರು ಪುರಸಭೆಗೆ ದಿನವೂ ಬಂದು ಕೇಳಿ ಹೋಗುತ್ತಿದ್ದರು.

ಈ ಮೂವರಲ್ಲಿ ಒಬ್ಬರೂ ಪಿಕ್ಚರ್ ನೋಡಿರಲಿಲ್ಲ. ನೋಡದಿದ್ದರಿಂದಲೇ ಅಭಿಪ್ರಾಯ ಅಷ್ಟು ಗಟ್ಟಿಯಾಗಿತ್ತು. ನೋಡಿದ್ದ ಜನ ಮನೆಗೆ ಹೋಗಿ ಉಂಡು ಮಲಗಿದ್ದರು, ಅವರನ್ನು ಯಾರೂ ಕೇಳಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಟಾಕೀಸಿನ ಪರವಾನಗಿ ನವೀಕರಣಕ್ಕೆ ಬಂದಿತ್ತು. ಪಿಕ್ಚರ್ ಒಂದು ಪಕ್ಷದ ಕಡೆ ವಾಲಿದೆ ಎಂದು ಗೊತ್ತಾದರೆ ಪರವಾನಗಿ ಕೊಡಕೂಡದು ಎಂದು ಎರಡೂ ಪಕ್ಷದವರು ಪಟ್ಟು ಹಿಡಿದರು. ಯಾವ ಕಡೆ ವಾಲಿದರೂ ಟಾಕೀಸಿಗೆ ಬೀಗವೇ. ಹಾಗಾಗಿ ಅದು ಎತ್ತ ವಾಲಿದೆ ಎಂದು ಯಾರಾದರೂ ನೋಡಿ ವರದಿ ಕೊಡಬೇಕಾಯಿತು. ಮುಖ್ಯಾಧಿಕಾರಿಗಳು ಯಾವ ಕೆಲಸವನ್ನೂ ತಮ್ಮ ಮೇಜಿನ ಮೇಲೆ ಕೂರಲು ಬಿಡುವ ಪೈಕಿಯಲ್ಲ. ಜನನಮರಣಯ್ಯನನ್ನು ಕರೆಸಿದರು.

"ನೀವು ಸಿನಿಮಾ ಬಲ್ಲೋರಂತೆ, ಕೊನೆ ನೋಡ್ದೇನೇ ಕಥೆ ಹಿಡಿದುಬಿಡ್ತೀರಂತೆ," ಎಂದರು.

ಜನನಮರಣಯ್ಯ ಸಂಕೋಚದಿಂದ ನಕ್ಕು, ಆದರೂ ಇದು ತನ್ನ ವಿಭಾಗಕ್ಕೆ ಸೇರಿದ್ದಲ್ಲ ಎಂದ.

"ದೆವ್ವ ಅಂದ್ರೆ ಯಾರ್ರೀ? ಸತ್ತೋರು. ಸತ್ತೋರು ಯಾವ ವಿಭಾಗಕ್ಕೆ ಬರ್ತಾರೆ?"

"ನಮ್ಮದಕ್ಕೇ ಸಾರ್."

"ಮುಗೀತಲ್ಲ. ನೋಡ್ಕೊಂಡು ಬನ್ನಿ. ಸಂಸ್ಕೃತಿ ಒಂದು, ರಾಜಕೀಯ ಒಂದು, ಎರಡೂ ಕಡೆ ಒಲವು ಏನು ಅಂತ ಬರೀರಿ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಜೊತೆಗೆ ಹೆಂಡತಿಯ ಅಣ್ಣನೂ ಕೂತಿದ್ದ. ಇವನು ಅವನನ್ನು ಭಾವ ಎನ್ನುತ್ತಿದ್ದ, ಅವನೂ ಇವನನ್ನು ಭಾವ ಎನ್ನುತ್ತಿದ್ದ. ಒಬ್ಬ ಕರೆದರೆ ಇಬ್ಬರೂ ತಿರುಗುವುದು ಆ ಮನೆಯ ವಾಡಿಕೆ. ಟಾಕೀಸಿನ ಭಾವ ಮುಖ ಸಣ್ಣಗೆ ಮಾಡಿಕೊಂಡು ತನ್ನ ಕಷ್ಟ ಹೇಳಿದ. ಅಪ್ಪ ಕಟ್ಟಿಸಿದ ಟಾಕೀಸು. ಎಷ್ಟೋ ಕಾಲದ ಮೇಲೆ ಹಿಂದಿನ ಸಾಲಿನ ತನಕ ಜನ ತುಂಬಿದ್ದಾರೆ, ಮುರಿದ ಕುರ್ಚಿಯಲ್ಲೂ ಕೂರುತ್ತಿದ್ದಾರೆ. ಈಗ ಬೀಗ ಬಿದ್ದರೆ ಇನ್ನು ತೆಗೆಯುವ ಮಾತಿಲ್ಲ, ಆ ಜಾಗ ಗೋದಾಮು ಆಗುತ್ತದೆ. ತಾನು ಆಮೇಲೆ ಏನು ಮಾಡಬೇಕೋ ಗೊತ್ತಿಲ್ಲ, ಟಾರ್ಚು ಹಿಡಿದು ಜನರನ್ನು ಕೂರಿಸುವುದು ಬಿಟ್ಟರೆ ತನಗೆ ಬೇರೆ ಕೆಲಸ ಬರುವುದಿಲ್ಲ ಎಂದ. ಜನನಮರಣಯ್ಯನಿಗೂ ನಿಜವಾಗಿಯೇ ಸಂಕಟವಾಯಿತು.

ಪಿಕ್ಚರಿನಲ್ಲಿ ಏನಿದೆ ಎಂದು ಕೇಳಿದರೆ ಭಾವನಿಗೂ ಗೊತ್ತಿರಲಿಲ್ಲ. ತನ್ನ ಟಾಕೀಸಿನ ಪಿಕ್ಚರನ್ನು ತಾನೇ ನೋಡುವುದು ಅವನ ಜಾಯಮಾನವಲ್ಲ.

ಅಣ್ಣ ಹೋದ ಮೇಲೆ ಹೆಂಡತಿ ಬಾಗಿಲು ಹಾಕಿಕೊಂಡು ಬಂದು ಶಾಂತವಾಗಿ ಹೇಳಿದಳು. "ನೋಡ್ರೀ, ನಮ್ಮಣ್ಣನ ಟಾಕೀಸಿಗೆ ಬೀಗ ಬಿದ್ದ ದಿನ ನಮ್ಮನೆ ಅಡುಗೆಮನೇಗೂ ಬೀಗ ಬಿತ್ತು ಅಂತ ತಿಳ್ಕೊಳ್ಳಿ. ಬೀಗದ ಕೈ ನನ್ನ ಹತ್ರಾನೇ ಇರುತ್ತೆ."

ಮಾರನೆಯ ದಿನ ಕಚೇರಿ ಬಿಡುವ ಮುಂಚೆಯೇ ಅನುಮತಿ ಪಡೆದು ಜನನಮರಣಯ್ಯ ಟಾಕೀಸಿಗೆ ಹೊರಟ. ಭಾವ ಅವನನ್ನು ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟು, ಕಂಬದ ಹಿಂದಿನ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದ. ಪರದೆಯ ಮೇಲೆ ಆಗತಾನೇ ಬೆಳಕು ಬಂದಿತ್ತು. ಜನ ಕಡಲೆಪೊಟ್ಟಣ ಹಿಡಿದು ಇನ್ನೂ ಒಳಗೆ ಬರುತ್ತಿದ್ದರು. ಸರಿಯಾದ ಹೊತ್ತಿಗೇ ಬಂದೆ, ಈಗ ಶುರುವಾಯಿತು ಎಂದು ಜನನಮರಣಯ್ಯ ಸಮಾಧಾನಪಟ್ಟ. ಅದು ಮಧ್ಯಾಹ್ನದ ಆಟ, ಜನ ವಿರಾಮ ಮುಗಿಸಿಕೊಂಡು ಬರುತ್ತಿದ್ದಾರೆ ಎಂದು ಅವನಿಗೆ ಹೇಳಬೇಕೆಂದು ಪರವಾನಗಿಯ ಚಿಂತೆಯಲ್ಲಿದ್ದ ಭಾವನಿಗೂ ಹೊಳೆಯಲಿಲ್ಲ.

ಬಿಳಿ ಬಟ್ಟೆಯ ದೆವ್ವವೊಂದು ನರೆತ ಮೀಸೆಯ ಮುದುಕನನ್ನು ಕೋಣೆಯಿಂದ ಕೋಣೆಗೆ ಅಟ್ಟಿಸಿಕೊಂಡು ಹೋಗುತ್ತಿತ್ತು. ನೀನು ತಾನು ಎಂದೇ ಮಾತಾಡುತ್ತಿತ್ತು, ಮೇಷ್ಟ್ರು ಹೇಳಿದ್ದು ನಿಜ. ಮುದುಕನ ಕುರ್ಚಿ ಹೋಗಿತ್ತು, ಮನೆ ಹೋಗಿತ್ತು, ಬುದ್ಧಿಯೂ ಹೋಗುವಂತಿತ್ತು. ಕೊನೆಗೆ ಬಾವಿಗೆ ಬಿದ್ದ. ದೆವ್ವ ನಕ್ಕು ಹೊಗೆಯಾಗಿ ಹೋಯಿತು. ದೀಪ ಹತ್ತಿತು.

ಜನ ಎದ್ದು ಹೊರಗೆ ಹೋದರು, ಬೇರೆ ಜನ ಒಳಗೆ ಬಂದರು. ಈಗಿನ ಪ್ರೇಕ್ಷಕರಿಗೆ ವಿರಾಮದ ತನಕ ಕೂರುವ ತಾಳ್ಮೆಯೂ ಇಲ್ಲ, ಅರ್ಧಕ್ಕೇ ಸೀಟು ಇನ್ನೊಬ್ಬರಿಗೆ ಬಿಟ್ಟು ಹೋಗುತ್ತಾರೆ ಎಂದು ಜನನಮರಣಯ್ಯ ಮರುಗಿದ. ಮತ್ತೆ ಕತ್ತಲಾದಾಗ ನಟರ ಹೆಸರುಗಳು ಸಾಲಾಗಿ ಬಂದವು. ನಡುವೆ ಹೆಸರು ಹಾಕುವುದು ಹೊಸ ಶೈಲಿ ಎಂದು ಮೆಚ್ಚಿಕೊಂಡ.

ಆಮೇಲೆ ಬಾವಿಗೆ ಬಿದ್ದವನು ಕಪ್ಪು ಮೀಸೆ ಹೊತ್ತು, ಎಳೆಯನಾಗಿ, ಜನರ ಜೈಕಾರದ ನಡುವೆ ಬಂದ. ಅಧ್ಯಕ್ಷನೂ ಆದ. ದೆವ್ವವಾಗಿದ್ದವಳು ಮೈಕೈ ತುಂಬಿಕೊಂಡು, ಬಣ್ಣದ ಬಟ್ಟೆ ಉಟ್ಟು, ತನ್ನ ಮನೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಅಧ್ಯಕ್ಷ ಅವಳ ಮನೆಗೆ ಬಂದು, ಈ ಹಳೇ ಮನೆ ಬಿಟ್ಟುಬಿಡಿ ಎಂದು ನಗುನಗುತ್ತಾ ಹೇಳಿದ. ತಾವು ದೊಡ್ಡವರು, ತಾವೇ ಹೀಗೆಂದರೆ ಹೇಗೆ ಎಂದು ಅವಳು ಕೈಮುಗಿದಳು. ಅಷ್ಟರಲ್ಲಿ ಭಾವ ಟೀ ತಂದು, ಕಿವಿಯಲ್ಲಿ ಪರವಾನಗಿಯ ವಿಷಯ ಪಿಸುಗುಟ್ಟತೊಡಗಿದ. ಆ ಹೊತ್ತಿನ ಮಾತುಕತೆ ಸರಿಯಾಗಿ ಕೇಳಿಸಲಿಲ್ಲ. ಹಳೇ ಮನೆ ಮೈಮೇಲೆ ಬಿದ್ದೀತೆಂದು ಪಾಪ ಅಧ್ಯಕ್ಷನಿಗೆ ಕಾಳಜಿ ಇರಬೇಕು ಎಂದುಕೊಂಡ. ಕೊನೆಗೆ ಅವಳ ಮನೆಯ ಕರೆಂಟು ಹೋಯಿತು. ಅವಳು ದೀಪ ಹಚ್ಚಿ ಕಿಟಕಿಯಲ್ಲಿಟ್ಟಳು. ಬೆಳಕು ಮುಖದ ಮೇಲೆ ಬಿತ್ತು. ಇಷ್ಟು ಚಂದದ ದೃಶ್ಯ ಬಂತೆಂದರೆ ಪಿಕ್ಚರ್ ಮುಗಿಯಿತು ಎಂದೇ ಅರ್ಥ. ಜನನಮರಣಯ್ಯ ಎದ್ದು, ಬಾಗಿ, ಸೈಕಲ್ ಸ್ಟ್ಯಾಂಡಿಗೆ ನಡೆದ.

ಬೇರೆ ಯಾರಿಗಾದರೂ ಇದೇನಿದು, ಸತ್ತವರು ಹೀಗೆ ಎದ್ದು ಬರುವುದುಂಟೇ ಎಂದು ಅನುಮಾನ ಹುಟ್ಟುತ್ತಿತ್ತು. ಬೆಳಿಗ್ಗೆ ಮರಣ, ಮಧ್ಯಾಹ್ನ ಜನನ ಎಂದು ಬಾಳಿದವನಿಗೆ ಕಥೆಯ ಓಟ ಕಚೇರಿಯಷ್ಟೇ ಸಹಜವಾಗಿ ಕಂಡಿತು. ಅವತ್ತು ಅವನು ಸೈಕಲ್ ತುಳಿಯುತ್ತಾ ಸಣ್ಣಗೆ ಹಾಡಿಕೊಂಡೇ ಮನೆಗೆ ಬಂದ.

ವರದಿ ಓದುವ ದಿನ ಪುರಸಭೆಯ ಸಭಾಂಗಣ ತುಂಬಿತ್ತು. ಜನನಮರಣಯ್ಯ ಎದ್ದು ನಿಂತು ಓದಿದ. ಈ ಚಿತ್ರದಲ್ಲಿ ಅಧಿಕಾರ ಕಳೆದುಕೊಂಡು ಬಾವಿಗೆ ಬಿದ್ದ ನಾಯಕನೊಬ್ಬ ಶುದ್ಧನಾಗಿ ಎದ್ದು ಬಂದು ಮತ್ತೆ ಅಧ್ಯಕ್ಷನಾಗುತ್ತಾನೆ. ಮೀಸೆಯ ಕೈ ತನಗೆ ತಾನೇ ಮೀಸೆಗೆ ಹೋಯಿತು. ಹೋದ ಚುನಾವಣೆಯಲ್ಲಿ ಬಿದ್ದ ಪೆಟ್ಟು ಇನ್ನೂ ಆರಿರಲಿಲ್ಲ. ನೆಲೆಯಿಲ್ಲದೆ ಅಲೆಯುತ್ತಿದ್ದ ಬಿಳಿ ಬಟ್ಟೆಯ ಮಹಿಳೆ ತನ್ನ ಮನೆ, ಮಾನ, ಉದ್ಯೋಗ ಎಲ್ಲವನ್ನೂ ಪಡೆದು ನಾಡಿಗೆ ದೀಪ ಹಚ್ಚುತ್ತಾಳೆ. ಅಕ್ಕಾವರು ಸೆರಗು ಸರಿಮಾಡಿಕೊಂಡು ತಲೆ ಎತ್ತಿ ಕೂತರು. ಇನ್ನು ಸಂಸ್ಕೃತಿಯ ವಿಷಯ. ಮೊದಲು ಏಕವಚನದಲ್ಲಿ ಮಾತಾಡುವ ದೆವ್ವ ಕ್ರಮೇಣ ಸುಧಾರಿಸಿ, ಕೊನೆಗೆ ಕೈಮುಗಿದು ಬಹುವಚನದಲ್ಲಿ ಮಾತಾಡುತ್ತದೆ. ಹಿಂದಿನ ಬೆಂಚಿನಲ್ಲಿದ್ದ ಹೆಡ್ಮೇಷ್ಟ್ರು ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ಪಾಠದಲ್ಲಿ ತಮ್ಮಿಂದ ಒಬ್ಬ ಹುಡುಗನೂ ಹಾಗೆ ಸುಧಾರಿಸಿರಲಿಲ್ಲ. ಒಟ್ಟಿನಲ್ಲಿ ಚಿತ್ರ ಯಾವ ಕಡೆಗೂ ವಾಲದೆ ಎಲ್ಲರ ಕಡೆಗೂ ಸಮನಾಗಿ ವಾಲಿದೆ ಎಂದು ವರದಿ ಮುಗಿಯಿತು.

ಸರ್ವಾನುಮತದ ಠರಾವಾಯಿತು. ಆ ಸಭಾಂಗಣದಲ್ಲಿ ಕುಡಿಯುವ ನೀರಿಗೂ ಸರ್ವಾನುಮತ ಸಿಕ್ಕಿದ ಉದಾಹರಣೆ ಇರಲಿಲ್ಲ. ಮುಖ್ಯಾಧಿಕಾರಿಗಳು ಪರವಾನಗಿಗೆ ಮುಂದಿನ ವಾರ ಸಹಿ ಹಾಕುತ್ತೇನೆಂದರು. ಭಾವ ಜನನಮರಣಯ್ಯನ ಕೈ ಹಿಡಿದುಕೊಂಡು ಅಲ್ಲಾಡಿಸಿದ.

ಆ ಖುಷಿಗೆ ಹೆಂಡತಿ ಪಿಕ್ಚರ್ ನೋಡಲು ಹೋದಳು. ಹೋದವಳು ಮೊದಲಿನಿಂದ ಕೊನೆಯ ತನಕ ನೋಡಿದಳು. ಬಂದು, ಪಾಪ ಎಂಥಾ ಹೆಂಗಸು, ಮನೆ ಬಿಡಲ್ಲ ಅಂದದ್ದಕ್ಕೆ ಸುಟ್ಟುಬಿಟ್ಟರಲ್ಲ ಎಂದು ಮೂಗು ಒರೆಸಿಕೊಂಡಳು.

ಯಾರು ಸುಟ್ಟದ್ದು ಎಂದ ಜನನಮರಣಯ್ಯ.

"ಅದೇ ಮೀಸೆ ಅಧ್ಯಕ್ಷ. ಅವಳು ದೀಪ ಹಚ್ಚಿದ್ಲಲ್ಲ, ಅಷ್ಟರಲ್ಲಿ ಅವನ ಕಡೆಯೋರು ಸುತ್ತಾ ಸೀಮೆಎಣ್ಣೆ ಸುರ್ದಿದ್ರು. ಉರಿದುಹೋದ್ಲು. ಆಮೇಲಲ್ವೇ ದೆವ್ವ ಆಗಿದ್ದು, ಅವನ್ನ ಬಾವಿಗೆ ಬೀಳ್ಸಿದ್ದು."

"ಅಂದ್ರೆ ಬಾವಿ ಕೊನೇಲಿ ಬರುತ್ತಾ?"

"ಮತ್ತಿನ್ನೇನು? ಮೊದಲೇ ಬಿದ್ದು ಸತ್ತೋನು ಆಮೇಲೆ ಪಿಕ್ಚರಲ್ಲಿ ಏನ್ ಮಾಡ್ತಾನೆ?"

"ಅಧ್ಯಕ್ಷ ಆಗ್ತಾನೆ," ಎಂದ ಜನನಮರಣಯ್ಯ, ಬಹಳ ಮೆಲ್ಲಗೆ.

ಹೆಂಡತಿ ಉಕ್ಕಿಹೋದ ಹಾಲನ್ನು ನೋಡುವಂತೆ ಅವನನ್ನು ನೋಡಿದಳು. ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಎದ್ದು ಬಂದಿರಿ ಎಂದು ಒಂದೊಂದೇ ಕೇಳಿ ಹೊರಡಿಸಿದಳು. ಆಮೇಲೆ ಇಬ್ಬರೂ ಊಟ ಮಾಡಲಿಲ್ಲ. ಅಡುಗೆಮನೆಗೆ ಬೀಗವೇನೂ ಬಿದ್ದಿರಲಿಲ್ಲ, ಯಾರಿಗೂ ಹಸಿವಿರಲಿಲ್ಲ ಅಷ್ಟೆ.

ಬೆಳಿಗ್ಗೆ ಎದ್ದವನೇ ನಿಜ ಒಪ್ಪಿಕೊಂಡುಬಿಡುವುದೆಂದು ಜನನಮರಣಯ್ಯ ಮುಖ್ಯಾಧಿಕಾರಿಗಳ ಕೋಣೆಗೆ ಹೋದ. ಅವನು ಬಾಯಿ ತೆರೆಯುವ ಮುಂಚೆ ಮೀಸೆ ಒಳಗೆ ನುಗ್ಗಿದ, ಅವನ ಹಿಂದೆಯೇ ಅಕ್ಕಾವರು. ಠರಾವು ಓದಿ ಸಂತೋಷಪಟ್ಟು ಇಬ್ಬರೂ ಹಿಂದಿನ ದಿನ ಪಿಕ್ಚರಿಗೆ ಹೋಗಿದ್ದರು. ಮುಖಂಡನಾದವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬಾರದೆಂದು ಮೀಸೆ ವಿರಾಮದ ಮೇಲೆ ಹೋಗಿದ್ದ, ಬಾವಿಗೆ ಬಿದ್ದದ್ದನ್ನು ಮಾತ್ರ ನೋಡಿದ್ದ. ಅಕ್ಕಾವರು ಮೊದಲೇ ಹೋಗಿ, ವಿರಾಮಕ್ಕೆ ಮುಂಚೆ ಬೆಂಕಿ ಬಿದ್ದದ್ದೇ ತಡ, ಸಿಟ್ಟಿನಿಂದ ಎದ್ದು ಬಂದಿದ್ದರು. ಇಬ್ಬರ ಮುಖವೂ ಕೆಂಡವಾಗಿತ್ತು.

ಈಗ ನನ್ನ ಕಥೆ ಮುಗಿಯಿತು ಎಂದುಕೊಂಡು ಜನನಮರಣಯ್ಯ ಗೋಡೆಗೆ ಒತ್ತಿ ನಿಂತ. ಆದರೆ ಅವರ ಸಿಟ್ಟು ಅವನ ಮೇಲಿರಲಿಲ್ಲ. "ಠರಾವಿನಲ್ಲಿ ಒಂದಿದೆ, ಟಾಕೀಸಿನಲ್ಲಿ ಇನ್ನೊಂದು ತೋರಿಸ್ತಿದಾರೆ," ಎಂದ ಮೀಸೆ. "ಸರ್ವಾನುಮತದ ಠರಾವಿಗೆ ಇಷ್ಟೇನಾ ಬೆಲೆ?" ಠರಾವಿನಲ್ಲಿ ಬೆಂಕಿಯ ಸುದ್ದಿಯೇ ಇರಲಿಲ್ಲ, ಇದು ಎಲ್ಲಿಂದ ಬಂತು ಎಂದು ಅಕ್ಕಾವರು ಕೇಳಿದರು. ಬದುಕಿನಲ್ಲಿ ಮೊದಲ ಬಾರಿಗೆ ಅವರಿಬ್ಬರ ಸಿಟ್ಟು ಒಂದೇ ಕಡೆ ಹರಿಯಿತು.

ಜನನಮರಣಯ್ಯ ಮೇಜಿನ ಹತ್ತಿರ ಬಂದು, ಸಾರ್, ತಪ್ಪು ನನ್ನದು, ನಾನು ನೋಡಿದ್ದು ಹಿಂದುಮುಂದು ಎಂದು ಶುರುಮಾಡಿದ. ಮೇಜಿನ ಕೆಳಗಿನಿಂದ ಮುಖ್ಯಾಧಿಕಾರಿಗಳ ಬೂಟು ಬಂದು ಅವನ ಕಾಲನ್ನು ಬಲವಾಗಿ ತುಳಿಯಿತು. ವರದಿ ತಪ್ಪೆಂದರೆ ಠರಾವು ತಪ್ಪು, ಠರಾವು ತಪ್ಪೆಂದರೆ ಅದಕ್ಕೆ ಕೈ ಎತ್ತಿದವರೆಲ್ಲ ಪಿಕ್ಚರ್ ನೋಡದೆ ಎತ್ತಿದ್ದಾರೆಂದು ಅರ್ಥ. ಅಷ್ಟು ದೊಡ್ಡ ಸತ್ಯವನ್ನು ಹೊರುವ ಮೇಜು ಆ ಕಚೇರಿಯಲ್ಲಿರಲಿಲ್ಲ. ಅವರು ನಿಧಾನವಾಗಿ, ಹಿಂದುಮುಂದಾಗಿರುವುದು ಟಾಕೀಸಿನವರದೇ ಎಂದು ನಮ್ಮ ಪರಿಶೀಲಕರೂ ಹೇಳುತ್ತಿದ್ದಾರೆ, ವಿರಾಮದ ನಂತರದ್ದನ್ನು ಮೊದಲು, ಮೊದಲಿನದನ್ನು ಆಮೇಲೆ ತೋರಿಸಲು ಇವತ್ತೇ ಆದೇಶ ಹೊರಡಿಸೋಣ, ತೋರಿಸಿದರೆ ಪರವಾನಗಿ, ಇಲ್ಲದಿದ್ದರೆ ಬೀಗ ಎಂದರು. ಕ್ರಮ ಸರಿಯಾದರೆ ಠರಾವಿನಲ್ಲಿಲ್ಲದ ಬೆಂಕಿ ತಾನಾಗಿಯೇ ಆರುತ್ತದೆ ಎಂದು ಅಕ್ಕಾವರು ನಂಬಿದರು, ಮುಖಂಡರಿಬ್ಬರೂ ಒಪ್ಪಿದರು. ಅಷ್ಟೇ ಅಲ್ಲ, ಹೊಸ ಕ್ರಮದ ಮೊದಲ ಆಟಕ್ಕೆ ತಾವೇ ಬರುತ್ತೇವೆ, ಪರಿಶೀಲಕರಿಗೆ ಅಲ್ಲೇ ಸನ್ಮಾನವಾಗಲಿ ಎಂದರು.

ಪಿಕ್ಚರಿನ ನಿರ್ದೇಶಕನಿಗೆ ಸುದ್ದಿ ಮುಟ್ಟಿ ಅವನು ಸಿಡಿಮಿಡಿ ಎನ್ನುತ್ತಾ ಬಂದಿಳಿದ. ತನ್ನ ಕೃತಿಯ ಕತ್ತು ತಿರುಚುತ್ತಿದ್ದೀರಿ, ಕೋರ್ಟಿಗೆ ಹೋಗುತ್ತೇನೆ ಎಂದು ಟಾಕೀಸಿನ ಮೆಟ್ಟಿಲ ಮೇಲೆ ನಿಂತು ಕೂಗಾಡಿದ. ಬೇರೆ ಊರುಗಳಲ್ಲೆಲ್ಲ ಪಿಕ್ಚರ್ ಎತ್ತಿಯಾಗಿದೆ, ಓಡುತ್ತಿರುವುದು ಇಲ್ಲೊಂದೇ ಎಂದು ಭಾವ ತಿಳಿಸಿದಾಗ ಒಂದು ಲೋಟ ನೀರು ಕೇಳಿದ. ನೀರು ಕುಡಿದಾದ ಮೇಲೆ, ನಿಜ ಹೇಳಬೇಕೆಂದರೆ ತನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಈ ಕ್ರಮವೇ, ಜನಕ್ಕೆ ಅರ್ಥವಾಗದೆಂದು ಬಿಟ್ಟಿದ್ದೆ ಎಂದ. ಹೆಡ್ಮೇಷ್ಟ್ರು ಅದನ್ನು ಕೇಳಿ, ತಾವು ಮೊದಲೇ ಊಹಿಸಿದ್ದಾಗಿ ಹೇಳಿದರು.

ಜನನಮರಣಯ್ಯನಿಗೆ ಮಾತ್ರ ಲೆಕ್ಕ ಹೊಳೆದಿತ್ತು. ತಿರುಗಿಸಿ ತೋರಿಸಿದರೆ ಪಿಕ್ಚರ್ ಮುಗಿಯುವುದು ದೀಪದಲ್ಲಲ್ಲ, ಬೆಂಕಿಯಲ್ಲಿ. ಆ ಚೂರನ್ನು ಕತ್ತರಿಸಬಹುದೇ ಎಂದು ಭಾವನನ್ನು ಕೇಳಿದ. ಆದೇಶದಲ್ಲಿ ಹಿಂದುಮುಂದು ಮಾಡಲು ಹೇಳಿದೆ, ಕತ್ತರಿಸಲು ಹೇಳಿಲ್ಲ, ಒಂದಕ್ಕೆ ಎರಡು ಮಾಡಿ ಪರವಾನಗಿ ಕಳೆದುಕೊಳ್ಳಲಾರೆ ಎಂದು ಭಾವ ಕೈಮುಗಿದ. ಮುಖ್ಯಾಧಿಕಾರಿಗಳ ಹತ್ತಿರ ಹೋದರೆ ಅವರು ಬೂಟಿನ ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚಿದರು. ಜನನಮರಣಯ್ಯ ವಾಪಸು ಬಂದ.

ಸನ್ಮಾನದ ದಿನ ಟಾಕೀಸು ಉಸಿರಾಡಲು ಜಾಗವಿಲ್ಲದಷ್ಟು ತುಂಬಿತ್ತು. ಮುಂದಿನ ಸಾಲಿನಲ್ಲಿ ಪುರಸಭೆಗೆ ಪುರಸಭೆಯೇ ಕೂತಿತ್ತು. ಜನನಮರಣಯ್ಯನ ಎಡಕ್ಕೆ ಮೀಸೆ, ಬಲಕ್ಕೆ ಅಕ್ಕಾವರು, ತೊಡೆಯ ಮೇಲೆ ಒಂದು ಹೂಗುಚ್ಛ. ಭಾಷಣಗಳಾದವು. ಕಲೆ ಮತ್ತು ಆಡಳಿತ ಒಂದೇ ದಾರಿಯಲ್ಲಿ ನಡೆದ ಇಂಥ ಸಂದರ್ಭ ಅಪರೂಪ ಎಂದು ಮುಖ್ಯಾಧಿಕಾರಿಗಳು ಹೇಳಿದರು. ಅದು ನಿಜವೇ ಆಗಿತ್ತು.

ಕತ್ತಲಾಯಿತು. ದೆವ್ವ ಅಟ್ಟಿಸಿಕೊಂಡು ಹೋಯಿತು, ಮುದುಕ ಬಾವಿಗೆ ಬಿದ್ದ. ಮೀಸೆ ಪಕ್ಕಕ್ಕೆ ಬಾಗಿ, ಇದೆಲ್ಲ ಏಳುವುದಕ್ಕೇ ಬೀಳುವುದು ಎಂದು ಧೈರ್ಯ ಹೇಳಿದ. ವಿರಾಮವಾಯಿತು. ಹೆಸರುಗಳು ಬಂದವು. ಕಪ್ಪು ಮೀಸೆಯವನು ಜೈಕಾರದ ನಡುವೆ ನಡೆದು ಬಂದಾಗ ಹಳೇ ಪಕ್ಷದವರು ಕುಣಿದಾಡಿದರು, ಹೊಲಿಗೆಯವಳು ಮನೆ ಬಾಗಿಲು ತೆರೆದಾಗ ಹೊಸ ಪಕ್ಷದವರು. ಅಧ್ಯಕ್ಷ ಅವಳ ಅಂಗಳದಲ್ಲಿ ನಿಂತು, ಈ ಜಾಗ ನನಗೆ ಬೇಕು ಅಂತ ಎಷ್ಟು ಸಲ ಹೇಳಬೇಕು ಎಂದಾಗ ಗದ್ದಲ ಸ್ವಲ್ಪ ತಗ್ಗಿತು. ಆ ಮಾತನ್ನು ಜನನಮರಣಯ್ಯ ಅವತ್ತು ಟೀ ಕುಡಿಯುತ್ತಾ ಕಳೆದುಕೊಂಡಿದ್ದ.

ಕರೆಂಟು ಹೋಯಿತು. ಅವಳು ದೀಪ ಹಚ್ಚಿದಳು. ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಜನನಮರಣಯ್ಯನ ಮೊಣಕಾಲು ತನಗೆ ತಾನೇ ನೆಟ್ಟಗಾಗತೊಡಗಿತು, ಆದರೆ ಒಂದು ಕಡೆ ಮೀಸೆಯ ತೋಳು, ಇನ್ನೊಂದು ಕಡೆ ಅಕ್ಕಾವರ ಕೈ. ಏಳುವಂತಿರಲಿಲ್ಲ.

ಬೆಂಕಿ ಕಿಟಕಿಯಿಂದ ಬಂತು. ಆಮೇಲೆ ಬಾಗಿಲಿನಿಂದ. ಅವಳು ಕೂಗಿದಳು, ಹೊಲಿಗೆ ಯಂತ್ರದ ಪಕ್ಕ ಕೆಮ್ಮುತ್ತಾ ಕುಸಿದಳು. ಬೀದಿಯ ಕೊನೆಯಲ್ಲಿ ಕಾರಿನಲ್ಲಿ ಕೂತಿದ್ದ ಅಧ್ಯಕ್ಷ ಅದನ್ನು ಪೂರ್ತಿ ನೋಡಿ, ಚಾಲಕನಿಗೆ, "ನಾಳೆ ಬೆಳಿಗ್ಗೆ ಸಂತಾಪ ಸಭೆ ಇಡಿಸಿ, ನಾನೇ ಮಾತಾಡ್ತೀನಿ," ಎಂದ. ಗಾಜು ಏರಿಸಿದ. ಕಾರು ಹೊರಟಿತು. ಪರದೆ ಕಪ್ಪಾಯಿತು. ದೀಪ ಹತ್ತಿತು.

ಯಾರೂ ಏಳಲಿಲ್ಲ. ಇಷ್ಟು ದಿನ ಇದೇ ಪಿಕ್ಚರ್ ನೋಡಿದ ಜನ ದೆವ್ವ ಸೇಡು ತೀರಿಸಿಕೊಂಡ ಮೇಲೆ ಕೇಕೆ ಹಾಕುತ್ತಾ, ನ್ಯಾಯ ಸಿಕ್ಕಿತೆಂದು ಮನೆಗೆ ಹೋಗುತ್ತಿದ್ದರು. ಇವತ್ತು ಸೇಡು ಮೊದಲೇ ಮುಗಿದುಹೋಗಿತ್ತು. ಉಳಿದದ್ದು ಕಾರು ಮಾತ್ರ. ಊರಿನವರ ಮರಣಕ್ಕೆಲ್ಲ ಸಹಿ ಹಾಕಿದ ಜನನಮರಣಯ್ಯ ಯಾರೂ ಸಾಯುವುದನ್ನು ಎದುರಿಗೆ ಕೂತು ನೋಡಿದವನಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಎದ್ದು ನಿಂತಳು. ತರಕಾರಿ ಚೀಲ ಇನ್ನೂ ಕೈಯಲ್ಲೇ ಇತ್ತು.

"ಆಮೇಲೆ ಅವನಿಗೇನಾಯ್ತು?" ಎಂದಳು.

ಬಾವಿಗೆ ಬಿದ್ದನಲ್ಲ ಅಮ್ಮ ಎಂದು ಯಾರೋ ಹೇಳಿದರು. ಅದು ಮೊದಲಿನ ಮಾತು, ಮನೆ ಸುಟ್ಟಮೇಲೆ ಏನಾಯಿತೆಂದು ನಾನು ಕೇಳಿದ್ದು ಎಂದಳು ಅವಳು. ಮುಖ್ಯಾಧಿಕಾರಿಗಳು ಸಮಜಾಯಿಷಿ ಕೊಡಿ ಎನ್ನುವಂತೆ ಜನನಮರಣಯ್ಯನ ಕಡೆ ಕೈ ಮಾಡಿದರು. ಅವರ ಬೂಟು ದೂರದಲ್ಲಿತ್ತು. ಅವನು ಹೂಗುಚ್ಛ ಹಿಡಿದುಕೊಂಡೇ ಎದ್ದು ತಿರುಗಿದ. ಏನೋ ದೊಡ್ಡ ಮಾತು ಹೇಳಬೇಕೆಂದು ಹುಡುಕಿದ. ತಾನು ಈಗತಾನೇ ಕಂಡದ್ದು ಬಿಟ್ಟು ಬೇರೇನೂ ಸಿಗಲಿಲ್ಲ.

"ಆಮೇಲೆ ಏನೂ ಆಗ್ಲಿಲ್ಲಮ್ಮ," ಎಂದ. "ಅವನು ಅಧ್ಯಕ್ಷನಾಗಿಯೇ ಇದ್ದ."

ಹೆಂಗಸು ತಲೆಯಾಡಿಸಿದಳು. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಂಡಂತಿರಲಿಲ್ಲ. ಚೀಲ ಎತ್ತಿಕೊಂಡು ಹೊರಡುವ ಮುಂಚೆ ಮುಂದಿನ ಸಾಲನ್ನು ಒಂದು ಸಲ ನೋಡಿದಳು. ಅವಳು ನೋಡಿದ ಕಡೆಗೆ ಪಕ್ಕದವರು ನೋಡಿದರು, ಅವರ ಪಕ್ಕದವರು ನೋಡಿದರು, ಕೊನೆಗೆ ಇಡೀ ಟಾಕೀಸು ಪುರಸಭೆಯನ್ನು ನೋಡುತ್ತಾ ಕೂತಿತು. ಮೀಸೆ ಮೀಸೆಯ ಮೇಲೆ ಕರವಸ್ತ್ರ ಇಟ್ಟುಕೊಂಡ. ಅಕ್ಕಾವರು ಕೈಯಲ್ಲಿದ್ದ ಕಾರಿನ ಕೀಲಿಕೈಯನ್ನು ಚೀಲದೊಳಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆಯೇ ತುರ್ತು ಸಭೆ. ಟಾಕೀಸು ಮುಚ್ಚಿಸಿಬಿಡಿ ಎಂದು ಮೀಸೆ ಹೇಳಿ ಮುಗಿಸುವ ಮುಂಚೆ ಅಕ್ಕಾವರು ಅನುಮೋದಿಸಿದರು. ಭಾವ ಸಭಾಂಗಣದ ಬಾಗಿಲಲ್ಲಿ ಮುಖದಲ್ಲಿ ರಕ್ತವಿಲ್ಲದೆ ನಿಂತಿದ್ದ. ಮುಖ್ಯಾಧಿಕಾರಿಗಳು ಗಂಟಲು ಸರಿಮಾಡಿಕೊಂಡು, ಇವತ್ತು ಮುಚ್ಚಿದರೆ ಆ ಕಾರು ಇವರಲ್ಲಿ ಯಾರದು ಎಂದು ಜನ ಕೇಳುವುದಿಲ್ಲವೇ ಎಂದರು. ಆಮೇಲೆ ಪುರಸಭೆಯ ಇತಿಹಾಸದ ಎರಡನೆಯ ಸರ್ವಾನುಮತದ ಠರಾವಾಯಿತು. ಚಿತ್ರವನ್ನು ಮೊದಲಿದ್ದ ಕ್ರಮದಲ್ಲೇ ತೋರಿಸತಕ್ಕದ್ದು, ತಪ್ಪು ಮಾಡಿದವನನ್ನು ಕೊನೆಯಲ್ಲಿ ದೆವ್ವವೇ ಶಿಕ್ಷಿಸತಕ್ಕದ್ದು, ದೆವ್ವ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಏಕವಚನದ ಬಗ್ಗೆ ಮೇಷ್ಟ್ರು ಎದ್ದು ನಿಂತರು, ಎಲ್ಲರೂ ಸೇರಿ ಅವರನ್ನು ಕೂರಿಸಿದರು. ಪರವಾನಗಿಗೆ ಅಲ್ಲೇ ಸಹಿ ಬಿತ್ತು. ಬಾಗಿಲಲ್ಲಿದ್ದ ಭಾವ ನೆಲದ ಮೇಲೆಯೇ ಕೂತುಬಿಟ್ಟ, ಜನನಮರಣಯ್ಯ ಹೋಗಿ ಅವನ ಪಕ್ಕ ಕೂತ.

ಆ ಸಂಜೆಯ ಆಟಕ್ಕೆ ಮುಖಂಡರಿಬ್ಬರೂ ಹೊತ್ತಿಗೆ ಮುಂಚೆಯೇ ಬಂದು ಜೊತೆಯಾಗಿ ಕೂತರು. ಬೆಂಕಿ ಬಂದಾಗ ಇಬ್ಬರೂ ಕಣ್ಣೊರೆಸಿಕೊಂಡರು. ಕೊನೆಯಲ್ಲಿ ಅಧ್ಯಕ್ಷ ಬಾವಿಗೆ ಬಿದ್ದಾಗ ಇಡೀ ಟಾಕೀಸಿನಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ಜನನಮರಣಯ್ಯ ಕುತ್ತಿಗೆ ತಿರುಗಿಸಿ ಹಿಂದಿನ ಸಾಲನ್ನು ಹುಡುಕಿದ. ಆ ಹೆಂಗಸು ಬಂದಿರಲಿಲ್ಲ.